ಬ್ರೇಕ್ ಆಯಿಲ್ ಅನ್ನೋದು ಎಣ್ಣೀನೂ ಅಲ್ಲ, ಗಂಡಸರ ಆಸ್ತೀನೂ ಅಲ್ಲ

ಮೊನ್ನೆ ಶ್ರಾವಣ ಶುಕ್ರವಾರ ನಮ್ಮ ಓಣ್ಯಾಗ ಅರಿಷಿಣ ಕುಂಕುಮಕ್ಕ ಕೂಡಿದ್ವಿ. ಉಡಿ ತುಂಬಿಸಿಕೊಂಡು, ಕೋಸಂಬರಿ ತಿಂದು, ಚಹಾ ಕುಡಕೋತ ಕೂತಾಗ ಮಾತು ಕಾರಿನ ಮ್ಯಾಲೆ ಬಂತು. ಮ್ಯಾಲಿನ ಮನಿ ಕಾಕು ಅವರ ಮಗ ಹೆಂಡ್ತಿ ಮಕ್ಕಳನ್ನ ಕರಕೊಂಡು ಗೋಕರ್ಣಕ್ಕ ಹೊಂಟಾನಂತ. ಗಾಡಿ ತಗೊಂಡು ಆರು ವರ್ಷ ಆತಂತ. ನಾನು ಸುಮ್ನಿರಲಾರದ "ಬ್ರೇಕ್ ಆಯಿಲ್ ಬದಲಿ ಮಾಡಿಸ್ಯಾರೇನ್ರಿ ಕಾಕು?" ಅಂತ ಕೇಳಿದೆ ನೋಡ್ರಿ, ಇಡೀ ಪಡಸಾಲಿ ನಕ್ಕುಬಿಡ್ತು. "ಯಾಕವಾ, ಗ್ಯಾರೇಜ್ ಹಾಕಿಯೇನು?" ಅಂತ ಒಬ್ಬರು. "ಅದನ್ನೆಲ್ಲಾ ಗಂಡಸರು ನೋಡ್ಕೋತಾರ ಬಿಡು, ನಮಗ್ಯಾಕ ಆ ಉಸಾಬರಿ?" ಅಂತ ಇನ್ನೊಬ್ಬರು. ಕಾಕು ಅಂತೂ "ನಮ್ಮ ಹುಡುಗ ಭಾರಿ ಬ್ರೇಕ್ ಹೊಡಿತಾನವಾ, ಏನೂ ಆಗಂಗಿಲ್ಲ" ಅಂದುಬಿಟ್ರು.

ಅವತ್ತು ನಾನೂ ನಕ್ಕು ಸುಮ್ಮಾದೆ. ಹಿರಿಯರು ಕೂತಿದ್ರು, ಹಬ್ಬದ ದಿನ, ಜಗಳ ಯಾಕ ಅಂತ. ಆದ್ರ ಮನಿಗೆ ಬಂದ ಮ್ಯಾಲೆ ಹೊಟ್ಟ್ಯಾಗ ಕುದೀಲಿಕ್ಕೆ ಹತ್ತಿತು. ಅಲ್ರೀ, "ಗಂಡಸರು ನೋಡ್ಕೋತಾರ" ಅಂತೀವಲ್ಲಾ, ಖರೇನ ನೋಡ್ಕೋತಾರೇನು? ನಮ್ಮ ಮನ್ಯಾಗಂತೂ ಐದು ವರ್ಷ ಯಾರೂ ನೋಡಿರಲಿಲ್ಲ. ಅದು ನಮಗ ಗೊತ್ತಾಗಿದ್ದು ಅರಬೈಲ್ ಘಾಟಿನ್ಯಾಗ.

ಹೋದ ವರ್ಷದ ಹಿಂದಿನ ವರ್ಷ, ಏಪ್ರಿಲ್ ತಿಂಗಳು. ಅಂಕೋಲಾದಾಗ ನಮ್ಮ ನಾದಿನಿ ಮನಿ ಗೃಹಪ್ರವೇಶ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಹೋಗಬೇಕು. ಯಲ್ಲಾಪುರದ ತನಕ ನಮ್ಮನಿಯವರು ಗಾಡಿ ಹೊಡದ್ರು. ಅಲ್ಲಿ ಚಹಾಕ್ಕ ಇಳಿದಾಗ ಸೊಂಟ ಹಿಡಕೊಂತು ಅಂತ ನನ್ನ ಕೈಗೆ ಚಾವಿ ಕೊಟ್ರು. ಗಾಡಿ ತುಂಬ ಮಂದಿ. ನಾವಿಬ್ಬರು, ಅತ್ತಿಯವರು, ಎರಡು ಹುಡುಗರು, ಹಿಂದ ಡಿಕ್ಕಿ ತುಂಬ ಆಹೇರಿ, ಕರದಂಟು, ಒಂದು ಹಿತ್ತಾಳಿ ಕೊಡ. ಬಿಸಲು ರಣರಣ.

ಅರಬೈಲ್ ಇಳಕಲು ಶುರು ಆದ ಮ್ಯಾಲೆ ಮುಂದ ಒಂದು ಲೋಡ್ ಲಾರಿ. ಅದು ಆಮಿ ನಡದಂಗ ನಡದಿತ್ತು. ನಾನು ಮೂರನೇ ಗೇರಿನ್ಯಾಗ, ಬಲಗಾಲು ಬ್ರೇಕಿನ ಮ್ಯಾಲೆ. ತಿರುವು ಬಂತು, ಒತ್ತು. ಲಾರಿ ನಿಧಾನ ಆತು, ಒತ್ತು. ಹಿಂಗ ಒಂದಿಷ್ಟು ದೂರ ಹೋಗೋದ್ರಾಗ ಪೆಡಲ್ ಮೆತ್ತಗಾತು. ಮೊದಲು ನಾದಿದ ಹಿಟ್ಟು ಒತ್ತಿದಂಗ ಅನಸ್ತು. ಮುಂದಿನ ತಿರುವಿನ್ಯಾಗ ಒತ್ತಿದೆ, ಪೆಡಲ್ ಸೀದಾ ಕೆಳಗ ಹೋಗಿ ಮ್ಯಾಟಿಗೆ ಬಡೀತು. ಗಾಡಿ ನಿಲ್ಲಲಿಲ್ಲ.

ಏನು ಹೇಳಲಿ ನಿಮಗ. ಮೈಯಾಗಿನ ರಕ್ತ ಎಲ್ಲಾ ಇಳದಹೋತು. ನಮ್ಮನಿಯವರು "ಬ್ರೇಕ್ ಹೊಡಿ, ಬ್ರೇಕ್ ಹೊಡಿ" ಅಂತ ಒದರಾಕತ್ತಿದ್ರು. ಹೊಡಿಲಿಕ್ಕೆ ಬ್ರೇಕ್ ಇದ್ರಲ್ಲ! ಪೆಡಲ್ಲನ್ನ ಪಟಪಟ ಅಂತ ಮ್ಯಾಲಿಂದ ಮ್ಯಾಲೆ ಒತ್ತಿದೆ, ಒಂಚೂರು ಹಿಡೀತು. ಗೇರು ಎರಡಕ್ಕ ಇಳಿಸಿದೆ, ಇಂಜಿನ್ ಗುಂಯ್ ಅಂತು, ಆಮ್ಯಾಲೆ ಒಂದಕ್ಕ. ಹ್ಯಾಂಡ್ ಬ್ರೇಕ್ ನಿಧಾನಕ ಎಳಕೋತ ಎಡಕ್ಕ ಗುಡ್ಡದ ಬಾಜು ಒಂದು ಸ್ವಲ್ಪ ಬಯಲಿತ್ತು, ಅಲ್ಲಿ ಹೊಕ್ಕೊಂಡು ನಿಲ್ಲಿಸಿದೆ. ಬಲಕ್ಕ ಕಣಿವಿ. ಅತ್ತಿಯವರು ಕಣ್ಣು ಮುಚ್ಚಿ ರಾಯರ ಸ್ತೋತ್ರ ಅನ್ನಾಕತ್ತಿದ್ರು, ಸಣ್ಣಾಕಿ ಅಳಾಕತ್ತಿದ್ಲು. ಗಾಲಿ ಕಡೆಯಿಂದ ಸುಟ್ಟ ವಾಸನಿ.

ಖರೇ ಕಥಿ ಇರೋದು ಇದರ ಮುಂದ. ಮುಕ್ಕಾಲು ತಾಸು ನಿಂತ್ವಿ. ಗಾಡಿ ತಣ್ಣಗಾತು. ನಮ್ಮನಿಯವರು ಕೂತು ಪೆಡಲ್ ಒತ್ತಿದ್ರು, ಕಲ್ಲಿನಂಗ ಗಟ್ಟಿ! "ನೋಡು, ಬ್ರೇಕ್ ಚೊಲೋ ಅದ. ನೀನ ಗಾಬರಿ ಆಗಿ ಏನೋ ಮಾಡಿ" ಅಂದ್ರು. ಅವರ ಸೀಟಿನ್ಯಾಗ ಕೂತ್ರು, ಸಣ್ಣ ಗೇರಿನ್ಯಾಗ ನಿಧಾನಕ ಗುಳ್ಳಾಪುರಕ್ಕ ಇಳಿಸಿದ್ರು. ಏನೂ ಆಗಲಿಲ್ಲ. ಅಂಕೋಲಾದಾಗ ಎರಡು ದಿನ ನನ್ನದೇ ಸುದ್ದಿ. "ಹೆಂಗಸರ ಕೈಯಾಗ ಘಾಟಿನ್ಯಾಗ ಗಾಡಿ ಕೊಡಬಾರದು," "ಹೆಂಗಸರು ಬ್ರೇಕ್ ಮ್ಯಾಲೆ ಕಾಲಿಟ್ಟ ಗಾಡಿ ಹೊಡಿಯೋದು." ಒಂದು ಊಟದ ಪಂಕ್ತಿ ತುಂಬ ಇದೇ ನಗಿ. ತಿರುಗಿ ಬರುವಾಗ ಘಾಟು ಏರೋದು, ಇಳಿಯೋದಲ್ಲ. ಅದಕ್ಕ ಬ್ರೇಕ್ ಏನೂ ತಕರಾರು ಮಾಡಲಿಲ್ಲ. ಅಂದ್ರ ಸಾಕ್ಷಿನೂ ಇಲ್ಲ. ತಪ್ಪು ನನ್ನ ಹಣಿಮ್ಯಾಲೆ.

ಹುಬ್ಬಳ್ಳಿಗೆ ಬಂದ ಮ್ಯಾಲೆ ನಾನು ಹಟಾ ಮಾಡಿ, ಯಾವತ್ತೂ ಹೋಗೋ ಗ್ಯಾರೇಜ್ ಬಿಟ್ಟು, ಒಬ್ಬ ವಯಸ್ಸಾದ ಮೆಕ್ಯಾನಿಕ್ ಕಡೆ ಕರಕೊಂಡು ಹೋದೆ. ಅಂವ ಬಾನೆಟ್ ತಗದು ಒಂದು ಸಣ್ಣ ಡಬ್ಬಿ ಮುಚ್ಚಳ ಬಿಚ್ಚಿದ. ಒಳಗ ನೋಡಿದ್ರ ಕಷಾಯದ ಬಣ್ಣ. ಪೆನ್ನಿನಂಥಾದ್ದು ಒಂದು ಅದ್ದಿದ, ಕೆಂಪು ದೀಪ ಹತ್ತಿತು. "ಇದನ್ನ ಯಾವಾಗ ಬದಲಿ ಮಾಡಿಸಿದ್ರಿ ಸಾಹೇಬ್ರ?" ಅಂದ. "ಎಲ್ಲಾ ಸರ್ವಿಸಿಂಗ್ ಟೈಮಿಗೆ ಸರಿ ಮಾಡಸೇವಿ" ಅಂದ್ರು ಇವರು, ಎದಿ ಉಬ್ಬಿಸಿ. ನಾನು ಮನಿಗೆ ಬಂದು ಫೈಲ್ ತಗದೆ. ಕರೆಂಟ್ ಬಿಲ್ಲು, ಸಾಲಿ ಫೀ ರಸೀದಿ, ಗಾಡಿ ಬಿಲ್ಲು ಎಲ್ಲಾ ಇಡಾಕಿ ನಾನೇ. ಐದು ವರ್ಷದ ಬಿಲ್ಲಿನ್ಯಾಗ "ಬ್ರೇಕ್ ಆಯಿಲ್ ಟಾಪ್ ಅಪ್" ಅಂತ ಮೂರು ಕಡೆ ಇತ್ತು. ಬದಲಿ ಮಾಡಿದ್ದು ಒಂದು ಸಲನೂ ಇಲ್ಲ.

ಮೆಕ್ಯಾನಿಕ್ ಹೇಳಿದ್ದು ಇಷ್ಟು: "ಇದು ಗಾಳಿಯಾಗಿನ ನೀರು ಕುಡಿತೈತ್ರಿ ಅಕ್ಕಾರ. ನೀರು ಕುಡದಿದ್ದು ಕಾದ್ರ ಕುದಿತೈತಿ. ಕುದ್ರ ಬ್ರೇಕ್ ಇಲ್ಲ." ಅದನ್ನ ಮನಿಗೆ ಬಂದು ಹೇಳಿದಾಗ ನಮ್ಮ ಅತ್ತಿಯವರು, ಗಾಡಿ ಬಗ್ಗೆ ಓಂ ನಾಮ ಗೊತ್ತಿಲ್ಲದಾಕಿ, ಅಡಿಗಿಮನಿಯಿಂದನ ಅಂದ್ರು, "ಅಂದ್ರ ಹಸಿ ಚಮಚಾ ಹಾಕಿದ ಉಪ್ಪಿನಕಾಯಿ ಭರಣಿ ಅನ್ನು."

ಹೌದ್ರೀ. ಅದೇ. ಆ ಮಾತು ಹಿಡಕೊಂಡೇ ಇವತ್ತು ಬರಿಯಾಕ ಕೂತೀನಿ. ಮಳಿಗಾಲದಾಗ ಉಪ್ಪಿನ ಡಬ್ಬಿ ಮುಚ್ಚಳ ತಗದಿಟ್ರ ಉಪ್ಪು ಒದ್ದಿ ಆಗ್ತದ ಅಂತ ಗೊತ್ತಿರೋ, ಹಪ್ಪಳದ ಡಬ್ಬಿಗೆ ಹಸಿ ಕೈ ಹಾಕಿದ ಹುಡುಗರ ಬೆನ್ನಿಗೆ ಗುದ್ದೋ ನಮಗ, ಈ ವಿಷಯ ತಿಳಿಯಂಗಿಲ್ಲ ಅಂತ ಹೇಳಿದಾವರು ಯಾರು? ಗಂಡಸರಕಿಂತ ನಮಗ ಲಗೂ ತಿಳೀತದ. ತಿಳಿಸಿಕೊಳ್ಳಾಕ ನಾವು ಮನಸ್ಸು ಮಾಡಿಲ್ಲ ಅಷ್ಟೇ.

ಮೊದಲು ಹೆಸರಿನ ಜಗಳ ಮುಗಸೂಣು. ಎಲ್ಲಾರೂ "ಬ್ರೇಕ್ ಆಯಿಲ್" ಅಂತೀವಿ. ಆಯಿಲ್ ಅಂದಕೂಡಲೇ ಎಣ್ಣಿ ಅನಸ್ತದ. ಅದು ಎಣ್ಣಿ ಅಲ್ಲ. ಎಣ್ಣಿ ನೀರಿನ ಮ್ಯಾಲೆ ತೇಲ್ತದ, ಇದು ನೀರಿನ ಕೂಡ ಬೆರೀತದ. ನಮ್ಮ ಗಾಡಿಗಳಿಗೆ ಹಾಕೋದು ಗ್ಲೈಕಾಲ್ ಜಾತಿ ದ್ರವ. ಈ ಹೆಸರಿನ ಗೊಂದಲದಿಂದ ಆಗೋ ಅನಾಹುತ ಕೇಳ್ರಿ. ನಮ್ಮ ಮೈದುನನ ಗೆಳೆಯ ಒಬ್ಬಂವ ಹೊಲದಾಗ ಇದ್ದಾಗ ಬ್ರೇಕ್ ಆಯಿಲ್ ಕಡಿಮಿ ಆಗೇದ ಅಂತ, ಟ್ರ್ಯಾಕ್ಟರಿಗೆ ತಂದಿಟ್ಟಿದ್ದ ಇಂಜಿನ್ ಆಯಿಲ್ಲನ್ನೇ ಒಂದು ಗುಟುಕು ಸುರುವಿದ. ಎಣ್ಣಿ ಎಣ್ಣಿನ ಅಲ್ಲೇನು ಅಂತ. ಈ ಬ್ರೇಕಿನ ಒಳಗಿರೋ ರಬ್ಬರ್ ವಾಷರ್‌ಗಳಿಗೆ ಗ್ಲೈಕಾಲ್ ನಡೀತದ, ಇಂಜಿನ್ ಎಣ್ಣಿ ನಡಿಯಂಗಿಲ್ಲ. ನೆನೆಹಾಕಿದ ಕಡಲಿಯಂಗ ಉಬ್ಬಿ ಕೂತುಬಿಡ್ತಾವ. ಆಮ್ಯಾಲೆ ಅಂವ ಮಾಸ್ಟರ್ ಸಿಲಿಂಡರ್, ಗಾಲಿ ಕಡೆ ರಬ್ಬರ್, ಪೈಪು ಎಲ್ಲಾ ತಗಸಿ ಹೊಸಾದು ಹಾಕಿಸಬೇಕಾತು. ಒಂದು ಗುಟುಕಿಗೆ.

ಇನ್ನ ಬ್ರೇಕ್ ಹೆಂಗ ಕೆಲಸಾ ಮಾಡ್ತದ ಅಂತ ತಿಳೀಬೇಕಂದ್ರ ಗ್ಯಾರೇಜಿಗೆ ಹೋಗೋದು ಬ್ಯಾಡ. ಹುಡುಗರಿಗೆ ಔಷಧ ಹಾಕೋ ಸೂಜಿ ಇಲ್ಲದ ಸಿರಿಂಜ್ ಎಲ್ಲಾರ ಮನ್ಯಾಗೂ ಇರ್ತದ. ಅದರಾಗ ನೀರು ತುಂಬಿ, ಬಾಯಿಗೆ ಬೆಟ್ಟು ಗಟ್ಟಿ ಹಿಡದು ಒತ್ತಿ ನೋಡ್ರಿ. ಒಂದು ಎಳ್ಳಿನಷ್ಟೂ ಒಳಗ ಹೋಗಂಗಿಲ್ಲ. ಈಗ ನೀರು ಚೆಲ್ಲಿ ಬರೇ ಗಾಳಿ ಇಟ್ಟು ಒತ್ತಿ ನೋಡ್ರಿ. ಅರ್ಧಕ್ಕಿಂತ ಹೆಚ್ಚು ಒಳಗ ಹೋಗ್ತದ. ಬ್ರೇಕ್ ಅಂದ್ರ ಇಷ್ಟೇ. ನಿಮ್ಮ ಕಾಲಿನ ಒತ್ತು ಪೈಪಿನ್ಯಾಗಿನ ದ್ರವದ ಮೂಲಕ ಗಾಲಿಗೆ ಹೋಗ್ತದ. ದ್ರವ ಕುಗ್ಗಂಗಿಲ್ಲ, ಅದಕ್ಕ ಒತ್ತು ಪೂರಾ ಮುಟ್ತದ. ದ್ರವ ಕುದ್ದು ಉಗಿ ಆದ್ರ, ಉಗಿ ಗಾಳಿಯಂಗ ಕುಗ್ತದ. ನೀವು ಒತ್ತಿದ್ದೆಲ್ಲಾ ಉಗಿ ಕುಗ್ಗಿಸಾಕ ಖರ್ಚಾಗ್ತದ, ಗಾಲಿಗೆ ಏನೂ ಮುಟ್ಟಂಗಿಲ್ಲ. ತಣ್ಣಗಾದ ಮ್ಯಾಲೆ ಉಗಿ ತಿರುಗಿ ನೀರಾಗ್ತದ, ಪೆಡಲ್ ಗಟ್ಟಿ ಆಗ್ತದ. ಮುಕ್ಕಾಲು ತಾಸಿನ ಮ್ಯಾಲೆ ನಮ್ಮನಿಯವರಿಗೆ ಸಿಕ್ಕ ಕಲ್ಲಿನಂಥ ಪೆಡಲ್ ಅದೇ. ಬ್ರೇಕ್ ಮಾಡಿದ ಕಳ್ಳತನಕ್ಕ ಸಾಕ್ಷಿ ಉಳಿಯಂಗಿಲ್ಲ, ಗಾಡಿ ಹೊಡದಾಕಿ ಮ್ಯಾಲೆ ಬರ್ತದ.

ಈಗ ನಮ್ಮ ಮನಿ ಮನ್ಯಾಗ ಕೇಳೋ ನಾಲ್ಕು ಮಾತು ತಗೋತೀನಿ. ಒಂದೊಂದಕ್ಕೂ ಉತ್ತರ ಕೊಡ್ತೀನಿ.

ಮೊದಲನೇದು: "ಬ್ರೇಕ್ ಚೊಲೋ ಹಿಡಿಲಿಕ್ಹತ್ತದ, ಸುಮ್ನ ಯಾಕ ಬದಲಿ ಮಾಡಿಸಬೇಕು?" ಊರಾಗ ಹಿಡೀತದ್ರೀ. ದೇಶಪಾಂಡೆ ನಗರದಿಂದ ಗೋಕುಲ ರೋಡಿಗೆ ಹೋಗಿಬರಾಕ ಅದು ಕಾಯೋದೇ ಇಲ್ಲ. ಪರೀಕ್ಷಾ ಇರೋದು ಘಾಟಿನ್ಯಾಗ. ಲೆಕ್ಕ ಕೇಳ್ರಿ. ಹೊಸಾ ಡಾಟ್ 4 ದ್ರವ ಕಡಿಮಿ ಅಂದ್ರೂ 230 ಡಿಗ್ರಿ ತನಕ ಕುದೀಬಾರದು ಅಂತ ನಿಯಮ. ಅದೇ ದ್ರವ ಸುಮಾರು 3.7 ಪರ್ಸೆಂಟ್ ನೀರು ಕುಡದಾಗ ಆ ಅಂಕಿ 155ಕ್ಕ ಇಳೀತದ. 75 ಡಿಗ್ರಿ ಹೋತು! ನೂರು ಚಮಚಾದಾಗ ನಾಲ್ಕು ಚಮಚಾನೂ ಪೂರಾ ಇಲ್ಲದ ನೀರಿಗೆ. ಘಾಟು ಇಳಿಯುವಾಗ ಬ್ರೇಕಿನ ಡಿಸ್ಕ್ ಎರಡು ಮೂರು ನೂರು ಡಿಗ್ರಿ ಕಾಯೋದು ದೊಡ್ಡ ಮಾತಲ್ಲ. ಆ ಕಾವು ಪ್ಯಾಡ್ ದಾಟಿ ದ್ರವಕ್ಕ ನಿಧಾನಕ ಮುಟ್ತದ. ಪೂರಿ ಕರಿಯೋ ಎಣ್ಣಿಗಿಂತ ಕಡಿಮಿ ಕಾವಿಗೆ ನಿಮ್ಮ ಬ್ರೇಕ್ ಕುದೀತದ ಅಂದ್ರ ವಿಚಾರ ಮಾಡ್ರಿ. ಮತ್ತ ಮುಚ್ಚಳ ಗಟ್ಟಿ ಹಾಕಿದ್ರೂ ನೀರು ಸೇರ್ತದ. ರಬ್ಬರ್ ಪೈಪಿನಿಂದ, ಮುಚ್ಚಳದ ಸಂದಿನಿಂದ, ದಿನಾ ಒಂಚೂರು ಒಂಚೂರು. ಗಾಡಿ ಓಡಸದಿದ್ರೂ ಸೇರ್ತದ. ಅದಕ್ಕ ಇದರ ಲೆಕ್ಕ ಬರೇ ಕಿಲೋಮೀಟರಿಂದಲ್ಲ, ವರ್ಷದ್ದು. ಭಾಳ ಕಂಪನಿಗಳ ಪುಸ್ತಕದಾಗ ಎರಡು ವರ್ಷಕ್ಕೊಮ್ಮೆ ಬದಲಿ ಮಾಡ್ರಿ ಅಂತ ಬರದಿರ್ತದ. "ನಮ್ಮ ಗಾಡಿ ಓಡೇ ಇಲ್ಲ, ಮೂಲ್ಯಾಗ ನಿಂತದ" ಅನ್ನೋದು ಉಪ್ಪಿನಕಾಯಿ ತಿಂದೇ ಇಲ್ಲ ಅದಕ್ಕ ಬೂಸ್ಟು ಬರಂಗಿಲ್ಲ ಅಂದಂಗ.

ಎರಡನೇದು: "ಕಡಿಮಿ ಆದಾಗೆಲ್ಲಾ ಟಾಪ್ ಅಪ್ ಮಾಡಸ್ತೀವಲ್ಲಾ." ಇದು ಎಲ್ಲಾಕ್ಕಿಂತ ಕೆಟ್ಟ ಸಮಾಧಾನ. ಹುಳಿ ಬಂದ ಸಾರಿಗೆ ಮ್ಯಾಲೆ ಒಂದು ಸೌಟು ಹೊಸಾ ಸಾರು ಹಾಕಿದ್ರ ಅದು ಹೊಸಾ ಸಾರು ಆಗ್ತದೇನು? ಮ್ಯಾಲಿನ ಡಬ್ಬ್ಯಾಗಿಂದು ಒಂಚೂರು ತಿಳಿ ಆಗ್ತದ, ಗಾಲಿ ಕಡೆ, ಖರೇ ಕಾವು ಬೀಳೋ ಜಾಗಾದಾಗ, ಹಳೇದು ಹಂಗ ಇರ್ತದ. ಇನ್ನೊಂದು ಕೇಳ್ರಿ. ಆ ಡಬ್ಬ್ಯಾಗ ಮಟ್ಟ ಕಡಿಮಿ ಆಗೋದು ಸುಮ್ನ ಅಲ್ಲ. ಬ್ರೇಕ್ ಪ್ಯಾಡ್ ಸವದಂಗ ಮಟ್ಟ ನಿಧಾನಕ ಇಳೀತದ, ಇಲ್ಲಾ ಎಲ್ಲೋ ಸೋರಾಕತ್ತಿರ್ತದ. ಅಂದ್ರ ಆ ಡಬ್ಬಿ ನಿಮಗ ಏನೋ ಹೇಳಾಕತ್ತದ. ಏನಂತ ಕೇಳದ ಅದರ ಬಾಯಿ ತುಂಬಿಸಿ ಕಳಿಸಿಬಿಡ್ತಾರ. ಟಾಪ್ ಅಪ್ ಅಂತ ಬಿಲ್ಲಿನ್ಯಾಗ ಕಂಡ್ರ ಮುಂದಿನ ಪ್ರಶ್ನಿ "ಯಾಕ ಕಡಿಮಿ ಆತು?" ಅಂತ ಇರಬೇಕು.

ಮೂರನೇದು ನಮ್ಮ ಮೈದುನನ ಮಾತು. ಓದಿದಾಂವ, ಆನ್‌ಲೈನ್ ಎಲ್ಲಾ ನೋಡ್ತಾನ. ನಮ್ಮ ಕಥಿ ಕೇಳಿ "ವೈನಿ, ಡಾಟ್ 5 ತರಿಸಿಬಿಡೋಣು. ನಾಲ್ಕಕ್ಕಿಂತ ಐದು ಛಲೋ ಅಲ್ಲೇನು?" ಅಂದ. ನಾಲ್ಕನೇ ಕ್ಲಾಸ್‌ಗಿಂತ ಐದನೇ ಕ್ಲಾಸ್ ದೊಡ್ಡದು, ಹಂಗ. ಇಲ್ಲೇ ಮೋಸ ಇರೋದು, ಲಕ್ಷ್ಯ ಕೊಟ್ಟು ಓದ್ರಿ.

ಡಾಟ್ ಅಂದ್ರ ಅಮೆರಿಕಾದ ಸಾರಿಗೆ ಇಲಾಖೆ ಹೆಸರಿನ ಮೊದಲ ಅಕ್ಷರ ಕೂಡಿಸಿದ್ದು. ಅವರು ಹಾಕಿದ ದರ್ಜೆ ಇವು. ಡಾಟ್ 3 ಹೊಸಾದಿದ್ದಾಗ ಕಡಿಮಿ ಅಂದ್ರ 205 ಡಿಗ್ರಿ, ನೀರು ಕುಡದಾಗ 140. ಡಾಟ್ 4 ಆಗಲೇ ಹೇಳಿದೆ, 230 ಮತ್ತ 155. ಡಾಟ್ 5.1 ಅಂದ್ರ 260 ಮತ್ತ 180. ಈ ಮೂರೂ ಒಂದೇ ಗ್ಲೈಕಾಲ್ ಮನಿತನದವು, ಒಂದಕ್ಕೊಂದು ಬೆರೀತಾವ. ಡಾಟ್ 5 ಅನ್ನೋದು ಬ್ಯಾರೆ ಮನಿತನ. ಅದು ಸಿಲಿಕೋನ್. ಹೆಸರಿನ್ಯಾಗ ಒಂದು ಚುಕ್ಕಿ, ಒಂದು ಅಂಕಿ ಅಷ್ಟೇ ಫರಕು, ಆದ್ರ 5ಕ್ಕೂ 5.1ಕ್ಕೂ ಊಟಾನೂ ಇಲ್ಲ, ನೀರೂ ಇಲ್ಲ. ಡಾಟ್ 5 ನೀರು ಕುಡಿಯಂಗಿಲ್ಲ, ಅದು ಖರೇ. ಆದ್ರ ಒಳಗ ಹೊಕ್ಕ ನೀರು ಬೆರೀಲಾರದ ತಗ್ಗಿನ್ಯಾಗ ಹೋಗಿ ನಿಲ್ತದ. ಅಲ್ಲಿ ತುಕ್ಕು ಹಿಡೀತದ, ಬರೇ ನೀರು ನೂರು ಡಿಗ್ರಿಗೇ ಕುದೀತದ. ಮತ್ತ ಸಣ್ಣ ಸಣ್ಣ ಗಾಳಿ ಗುಳ್ಳಿ ಹಿಡಕೋತದ, ಲಗೂ ಬಿಡಂಗಿಲ್ಲ. ಎಬಿಎಸ್ ಇರೋ ಗಾಡಿಗೆ ಅದನ್ನ ಹಾಕಬಾರದು. ನಮ್ಮ ದೇಶದಾಗ 2019ರ ಏಪ್ರಿಲ್‌ನಿಂದ ಹೊಸಾ ಕಾರಿಗೆಲ್ಲಾ ಎಬಿಎಸ್ ಕಡ್ಡಾಯ. ಅಂದ್ರ ನಮ್ಮ ನಿಮ್ಮ ಗಾಡಿಗೆ ಡಾಟ್ 5 ಕೆಲಸಾನೇ ಇಲ್ಲ. ಗ್ಲೈಕಾಲ್ ಇದ್ದ ಪೈಪಿನ್ಯಾಗ ಅದನ್ನ ಸುರುವಿದ್ರ ಎರಡೂ ಹೊಂದಂಗಿಲ್ಲ, ಇಡೀ ಬ್ರೇಕ್ ಬಿಚ್ಚಿ ತೊಳೀಬೇಕಾಗ್ತದ. ಮೈದುನ ಕೇಳಿ ಸುಮ್ಮಾದ. ಆರ್ಡರ್ ಮಾಡೋದು ಅಲ್ಲಿಗೇ ನಿಂತು.

ಹಂಗಾದ್ರ ಯಾವುದು ಹಾಕಿಸಬೇಕು? ಇದಕ್ಕ ಯಾರ ಸಲಹಾನೂ ಬ್ಯಾಡ, ಗಾಡಿನೇ ಹೇಳ್ತದ. ಬಾನೆಟ್ ತಗೀರಿ. ಡ್ರೈವರ್ ಕಡೆ, ಗ್ಲಾಸಿನ ಹತ್ತಿರ, ಒಂದು ಬಿಳಿ ಪಾರದರ್ಶಕ ಸಣ್ಣ ಡಬ್ಬಿ ಇರ್ತದ. ಅದರ ಮುಚ್ಚಳದ ಮ್ಯಾಲೆ ಡಾಟ್ 3 ಇಲ್ಲಾ ಡಾಟ್ 4 ಅಂತ ಬರದಿರ್ತದ. ಅಲ್ಲಿ ಬರದಿದ್ದೇ ಹಾಕಸ್ರಿ. ಡಾಟ್ 3 ಬರದ ಗಾಡಿಗೆ ಡಾಟ್ 4 ಹಾಕಿದ್ರ ಸಾಮಾನ್ಯವಾಗಿ ನಡೀತದ, ಕುದಿಯೋ ಅಂಕಿ ಮ್ಯಾಲೇ ಇರೋದ್ರಿಂದ. ಡಾಟ್ 4 ಬರದ ಗಾಡಿಗೆ ಡಾಟ್ 3 ಹಾಕೋದು ಮಾತ್ರ ಬ್ಯಾಡ, ಅಂಗಡ್ಯಾಂವ "ಎರಡೂ ಒಂದೇ ರೀ" ಅಂದ್ರೂ ಬ್ಯಾಡ. ಕೆಲವು ಹೊಸಾ ಗಾಡಿಗೆ ಡಾಟ್ 4ರಾಗೇ ತೆಳುವಾದ ಒಂದು ನಮೂನಿ ಹೇಳಿರ್ತಾರ, ಅದಕ್ಕ ಗಾಡಿ ಜೋಡಿ ಬಂದ ಪುಸ್ತಕನೂ ಒಂದು ಸಲ ತಗದು ನೋಡ್ರಿ. 5.1 ಹಾಕಿಸಬೇಕಂತ ಹಟಾ ಬ್ಯಾಡ. ಅದೂ ನೀರು ಕುಡಿತದ, ರೊಕ್ಕನೂ ಹೆಚ್ಚು. ಆರು ವರ್ಷದ ಹಳೇ 5.1ಕ್ಕಿಂತ ವರ್ಷದೊಳಗಿನ ಹೊಸಾ ಡಾಟ್ 4 ಮೇಲು. ನಂಬರ್ ದೊಡ್ಡದು ಮಾಡೋ ಚಿಂತಿ ಬಿಟ್ಟು ತಾರೀಖು ಹೊಸಾದು ಮಾಡ್ರಿ.

ನಾಲ್ಕನೇ ಮಾತು ನಮ್ಮದೇ, ಹೆಂಗಸರದು: "ನಮಗ್ಯಾಕ ಆ ಉಸಾಬರಿ?" ಇದಕ್ಕ ನನಗ ಸಿಟ್ಟು ಬರೋದು ಹೆಚ್ಚು. ಆ ಗಾಡ್ಯಾಗ ಹಿಂದಿನ ಸೀಟಿನ್ಯಾಗ ಕೂಡೋರು ಯಾರ್ರೀ? ಸಾಲಿಗೆ ಹುಡುಗರನ್ನ ಬಿಡಾಕ ಗಾಡಿ ಹೊಡಿಯೋರು ಯಾರು? ಅತ್ತಿನ್ನ ದವಾಖಾನಿಗೆ ಕರಕೊಂಡು ಹೋಗೋರು ಯಾರು? ಗ್ಯಾಸ್ ಸಿಲಿಂಡರ್ ಬಂದ್ರ ವಾಷರ್ ಅದನೋ ಇಲ್ಲೋ ನೋಡಿ, ಸೋಪಿನ ನೀರು ಹಚ್ಚಿ ಸೋರ್ತದೇನು ಅಂತ ನೋಡಾಕಿ ನೀವೇ. ಅದನ್ನ "ಗಂಡಸರು ನೋಡ್ಕೋತಾರ" ಅಂತ ಬಿಟ್ಟೀರೇನು? ಕುಕ್ಕರ್ ಗ್ಯಾಸ್ಕೆಟ್ ಹಳೇದಾದ್ರ ಸೀಟಿ ಹೊಡದ್ರೂ ಬದಲಿ ಮಾಡ್ತೀರಿ, ಯಾಕಂದ್ರ ಒಳಗಿಂದು ಕುದಿಯೋದು ನಿಮಗ ಗೊತ್ತದ. ಇದೂ ಕುದಿಯೋ ವಿಷಯನೇ. ಮತ್ತ ಬರೇ ಕಾರು ಅಂತ ತಿಳೀಬ್ಯಾಡ್ರಿ. ನಿಮ್ಮ ಸ್ಕೂಟಿಗೆ ಮುಂದ ಡಿಸ್ಕ್ ಬ್ರೇಕ್ ಇದ್ರ, ಹ್ಯಾಂಡಲ್ ಬಲಗೈ ಹತ್ತಿರ ಸಣ್ಣ ಡಬ್ಬಿ ಇರ್ತದ ನೋಡ್ರಿ. ಅದರಾಗೂ ಇದೇ ದ್ರವ, ಅದರ ಮುಚ್ಚಳದ ಮ್ಯಾಲೂ ಬರದಿರ್ತದ. ಆ ಗಾಡಿ ಅಂತೂ ಪೂರಾ ನಿಮ್ಮದೇ, ಅದಕ್ಕ ಯಾವ ಗಂಡಸರ ದಾರಿ ಕಾಯ್ತೀರಿ?

ನನ್ನ ತಪ್ಪೂ ಒಪ್ಕೋತೀನಿ, ಇಲ್ಲಂದ್ರ ಒಂದೇ ಕಡೆ ಮಾತಾಡಿದಂಗ ಆಗ್ತದ. ಅರಬೈಲಿನ್ಯಾಗ ನಾನು ಮೂರನೇ ಗೇರಿನ್ಯಾಗ ಇಳಿದೆ, ಕಾಲು ಬ್ರೇಕಿನ ಮ್ಯಾಲೇ ಇಟ್ಟಿದ್ದೆ. ಅದು ತಪ್ಪು. ಲಾರಿ ಡ್ರೈವರ್‌ಗಳು ಹೇಳ್ತಾರಲ್ಲಾ, ಯಾವ ಗೇರಿನ್ಯಾಗ ಘಾಟು ಏರ್ತೀರೋ ಅದೇ ಗೇರಿನ್ಯಾಗ ಇಳೀರಿ ಅಂತ. ಎರಡನೇ ಗೇರಿನ್ಯಾಗ ಇಂಜಿನ್ನೇ ಗಾಡಿ ಹಿಡೀತದ, ಬ್ರೇಕ್‌ಗೆ ಉಸಿರಾಡಾಕ ಪುರಸತ್ತು ಸಿಗ್ತದ. ಪೆಟ್ರೋಲ್ ಉಳೀತದ ಅಂತ ನ್ಯೂಟ್ರಲ್ ಮಾಡಿ ಇಳಸೋರಿಗೆ ಅಂತೂ ಕೈ ಮುಗೀತೀನಿ, ಅದು ಮಾಡಬ್ಯಾಡ್ರಿ. ಆಟೋಮ್ಯಾಟಿಕ್ ಗಾಡಿ ಇದ್ದೋರು ಸಣ್ಣ ಗೇರಿಗೆ ಹಾಕೋದು ಹೆಂಗ ಅಂತ ಮನಿ ಮುಂದ ಕಲತ ಮ್ಯಾಲೇ ಘಾಟಿಗೆ ಹೋಗ್ರಿ. ಆದ್ರ ಇದೂ ಹೇಳ್ತೀನಿ. ನನ್ನ ಕಾಲಿನ ತಪ್ಪು ಅರ್ಧ, ಐದು ವರ್ಷದ ಕಷಾಯದ ತಪ್ಪು ಅರ್ಧ. ಪಂಕ್ತ್ಯಾಗ ಕೂತು ನಕ್ಕವರು ಮೊದಲಿನ ಅರ್ಧ ಅಷ್ಟೇ ಲೆಕ್ಕಕ್ಕ ಹಿಡದ್ರು.

ಹಂಗಂತ ಗ್ಯಾರೇಜಿನವರು ಹೇಳಿದ್ದಕ್ಕೆಲ್ಲಾ ತಲಿ ಹಾಕ್ರಿ ಅನ್ನಾಕತ್ತಿಲ್ಲ ನಾನು. ಆರು ತಿಂಗಳಿಗೊಮ್ಮೆ "ಬ್ರೇಕ್ ಆಯಿಲ್ ಹೋಗೇದ್ರೀ ಮೇಡಂ" ಅಂತ ಬಿಲ್ ಉದ್ದ ಮಾಡೋರೂ ಅದಾರ. ಹೆಂಗಸು ಒಬ್ಬಾಕಿ ಬಂದ್ಲು ಅಂದ್ರ ಹೆಚ್ಚು. ಅದಕ್ಕೇ ತಿಳಕೊಂಡು ಹೋಗಬೇಕು ಅನ್ನೋದು. ಗೊತ್ತಿದ್ದಾಕಿಗೆ ಹೆಚ್ಚು ಬಿಲ್ಲೂ ಹಾಕಾಕ ಬರಂಗಿಲ್ಲ, ಕಡಿಮಿ ಕೆಲಸಾನೂ ಮಾಡಾಕ ಬರಂಗಿಲ್ಲ.

ಹೋದಾಗ ಏನು ಕೇಳಬೇಕು ಹೇಳ್ತೀನಿ. ಸೀಲ್ ಇದ್ದ ಬಾಟ್ಲಿ ನಿಮ್ಮ ಮುಂದ ಒಡೀಲಿ. ಮೂಲ್ಯಾಗ ಬಾಯಿ ತಗದು ಇಟ್ಟ ಅರ್ಧ ಬಾಟ್ಲಿ ಬ್ಯಾಡ, ಅದು ಆಗಲೇ ನೀರು ಕುಡದಿರ್ತದ. ಮ್ಯಾಲಿನ ಡಬ್ಬಿಂದು ಅಷ್ಟೇ ಹೀರಿ ತಗದು ಹೊಸಾದು ಹಾಕಿದ್ರ ಆಗಲಿಲ್ಲ, ನಾಲ್ಕೂ ಗಾಲಿ ಕಡೆಯಿಂದ ಹಳೇದು ಹೊರಗ ಬಂದು, ತಿಳಿ ಬಣ್ಣದ ಹೊಸಾದು ಕಾಣೋ ತನಕ, ಗಾಳಿ ಗುಳ್ಳಿ ನಿಲ್ಲೋ ತನಕ ತಗೀಬೇಕು. ಮುಗದ ಮ್ಯಾಲೆ ಗಾಡಿ ಅಲ್ಲಾಡಿಸೋಕಿಂತ ಮೊದಲು ಪೆಡಲ್ ಒತ್ತಿ ಗಟ್ಟಿ ಅದನೋ ನೋಡ್ರಿ. ಬಿಲ್ಲಿನ್ಯಾಗ "ಬದಲಿ" ಅಂತ, ತಾರೀಖು ಹಾಕಿ ಬರಸ್ರಿ, "ಟಾಪ್ ಅಪ್" ಅಂತಲ್ಲ. ಗಾಡಿ ಬಣ್ಣದ ಮ್ಯಾಲೆ ಒಂದು ಹನಿ ಬಿದ್ರೂ ಲಗೂನ ನೀರು ಹಾಕಿ ತೊಳಸ್ರಿ, ಅದು ಪೇಂಟ್ ತಿಂತದ. ಉಳಿದಿದ್ದನ್ನ "ಇರಲಿ, ಮುಂದ ಬರ್ತದ" ಅಂತ ನೀರಿನ ಬಾಟ್ಲ್ಯಾಗ ಹಾಕಿ ಮನಿಗೆ ತರಬ್ಯಾಡ್ರಿ. ಮುಂದ ಬರಂಗಿಲ್ಲ, ಮತ್ತ ಅದು ವಿಷ, ಹುಡುಗರು ಶರಬತ್ತು ಅಂತ ಬಾಯಿಗೆ ಹಚ್ಚಿದ್ರ ಗತಿ ಏನು?

ಖರ್ಚು ಕೇಳ್ತೀರೇನು? ಬಾಟ್ಲಿಗೆ ಕೆಲವು ನೂರು ರೂಪಾಯಿ, ಮ್ಯಾಲೆ ಕೂಲಿ. ಎರಡು ವರ್ಷಕ್ಕೊಮ್ಮೆ. ಎರಡು ವರ್ಷದಾಗ ನಾವು ಎಷ್ಟು ಬ್ಲೌಸ್ ಹೊಲಸ್ತೀವಿ ಅಂತ ಲೆಕ್ಕ ಹಾಕ್ರಿ, ಗಂಡಸರು ಎಷ್ಟು ಸೀಟ್ ಕವರ್, ಸ್ಟಿಕರ್, ಸುಗಂಧದ ಡಬ್ಬಿ ಗಾಡಿಗೆ ತರ್ತಾರ ಅದನ್ನೂ ಕೂಡಸ್ರಿ.

ಕಾಕು, ಇದನ್ನ ನೀವು ಓದ್ತೀರಿ ಅಂತ ನನಗ ಗೊತ್ತದ, ನಿಮ್ಮ ಮೊಮ್ಮಗಳು ಫೋನಿನ್ಯಾಗ ತೋರಸ್ತಾಳ. ಅವತ್ತು ನಕ್ಕಿದ್ದಕ್ಕ ನನಗ ಸಿಟ್ಟಿಲ್ಲ. ನಿಮ್ಮ ಮಗ ಭಾರಿ ಬ್ರೇಕ್ ಹೊಡಿತಾನ, ಒಪ್ಪಿದೆ. ಆದ್ರ ಗೋಕರ್ಣಕ್ಕ ಹೋಗೋ ಮೊದಲು ಅವನ ಕಡೆ ಆರು ವರ್ಷದ ಬಿಲ್ಲು ಕೇಳ್ರಿ. ಕೊಡಲಿಲ್ಲಂದ್ರ ಬಾನೆಟ್ ತಗಸಿ ಡಬ್ಬಿ ನೀವೇ ನೋಡ್ರಿ. ಜೇನಿನಂಗ ತಿಳಿ ಹಳದಿ ಇದ್ರೂ ತಾರೀಖು ಕೇಳ್ರಿ, ಬಣ್ಣ ಚೊಲೋ ಇದ್ರೂ ನೀರು ಕುಡದಿರಬಹುದು. ಕಷಾಯದಂಗ ಇದ್ರಂತೂ ಕೇಳೋದೇ ಬ್ಯಾಡ, ಚಾವಿ ನಿಮ್ಮ ಸೆರಗಿಗೆ ಕಟ್ಕೊಂಡು ಕೂಡ್ರಿ. ಮಗ ಸಿಟ್ಟಿಗೇಳ್ತಾನ, ಏಳಲಿ. ಎರಡು ತಾಸಿನ ಕೆಲಸ, ಮರುದಿನ ಹೋಗಲಿ.

ಉಳದೋರೂ ಅಷ್ಟೇ. ನಾಳೆ ಮುಂಜಾನೆ ರಂಗೋಲಿ ಹಾಕಿ ಎದ್ದ ಕೂಡಲೇ ಗಾಡಿ ಬಾನೆಟ್ ತಗೀರಿ, ಮುಚ್ಚಳದ ಮ್ಯಾಲೆ ಏನು ಬರದದ ಓದ್ರಿ, ಫೈಲಿನ್ಯಾಗ ಕಡೀ ತಾರೀಖು ಹುಡುಕ್ರಿ. ಮುಂದಿನ ಶುಕ್ರವಾರ ನಮ್ಮ ಮನ್ಯಾಗ ಅರಿಷಿಣ ಕುಂಕುಮ. ಬರುವಾಗ ಆ ತಾರೀಖು ಹೇಳಕೋತ ಬರ್ರಿ. ಎರಡು ವರ್ಷದ ಒಳಗಿಂದು ಇದ್ದೋರಿಗೆ ನಮ್ಮ ಅತ್ತಿಯವರು ಈ ವರ್ಷದ ಮಾವಿನಕಾಯಿ ಉಪ್ಪಿನಕಾಯಿ ಭರಣಿ ಮುಚ್ಚಳ ತಗೀತೀನಿ ಅಂದಾರ. ಒಣ ಚಮಚಾದಿಂದ.